ಜೂನ್ 29ಕ್ಕೆ ಬಾಬುಗುಡ್ಡೆಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಜೂನ್ 29 ಕುದ್ಮುಲ್ ರಂಗರಾಯರು ಹುಟ್ಟಿದ ದಿನ (1859). ಬೆಳಿಗ್ಗೆ 8ಕ್ಕೆ ಮಂಗಳೂರಿನ ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿ ಹತ್ತಿರ ಸೇರುವ. ಮಳೆ ಉಂಟು, ಕೊಡೆ ತನ್ನಿ.

ನಾವು ದಿನಾ 'ಟೌನ್ ಹಾಲ್' ಅಂತ ಹೇಳ್ತೇವಲ್ಲ, ಅದರ ಹೆಸರು ಇವರದ್ದೇ. ಬೋರ್ಡ್ ಓದಿದವರು ಎಷ್ಟು ಜನ? ನಾನೂ ಓದಿದ್ದು ಮೊನ್ನೆ ಮೊನ್ನೆ. ದಲಿತ ಮಕ್ಕಳನ್ನು ಶಾಲೆಯ ಜಗಲಿಗೂ ಹತ್ತಿಸದ ಕಾಲದಲ್ಲಿ, 1892ರಲ್ಲಿ, ಈ ವಕೀಲರು ಮಂಗಳೂರಿನಲ್ಲಿ ಅವರಿಗೇ ಒಂದು ಶಾಲೆ ತೆರೆದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ರಾಯರು ಶಾಲೆ ಮುಚ್ಚಲಿಲ್ಲ, ಇನ್ನಷ್ಟು ತೆರೆದರು. ಓದಿದ ದಲಿತ ಮಗು ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಬೇಕು ಅನ್ನುವುದು ಅವರ ಆಸೆ. ಸಮಾಧಿಯ ಮೇಲೆ ಅದನ್ನು ಕೆತ್ತಿದ್ದಾರೆ, ನಿಂತು ಓದಿ.

ಹಾರ, ಶಾಲು, ಭಾಷಣ ಯಾವುದೂ ಬೇಡ ಮಾರಾಯ್ರೆ. ಅದರ ಬದಲು ತಲಾ ಎರಡು 200 ಪುಟದ ನೋಟ್‌ಬುಕ್ ತನ್ನಿ, ಗೆರೆ ಇರುವಂಥದ್ದು. ಕಾಲೇಜಿಗೆ ಹೋಗುವವರು ಶನಿವಾರ ಸಂಜೆ ಒಂದು ಗಂಟೆ ಕಾಲೊನಿಯ ಹತ್ತನೆಯ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡಬೇಕು. ಕಳೆದ ವರ್ಷ 'ನಾನು ರೆಡಿ' ಅಂದವರು ಹನ್ನೊಂದು ಜನ, ಬಂದವರು ಮೂರು. ಈ ಸಲ ಹೆಬ್ಬೆರಳಿನ ಚಿತ್ರ ಹಾಕಬೇಡಿ. ಬರುವವರು ಹೆಸರು, ವಿಷಯ ಬರೆಯಿರಿ.