ಚಿನ್ನುವನ್ನ ಬೇಟೆಗೆ ಕರ್ಕೊಂಡು ಹೋದದ್ದು

ಓಸ್ಟರ್‌ಸುಂಡ್, ಸ್ವೀಡನ್
ಸೆಪ್ಟೆಂಬರ್ 14, ಆದಿತ್ಯವಾರ

ಪ್ರೀತಿಯ ಅಪ್ಪ, ಅಮ್ಮ,

ನಾವೆಲ್ಲ ಕ್ಷೇಮ, ನೀವೂ ಹಾಗೇ ಇದ್ದೀರಿ ಅಂತ ನಂಬಿದ್ದೇನೆ. ಚೌತಿ ದಿನ ಫೋನ್ ಮಾಡಿದಾಗ ಲೈನ್ ಕಟ್ ಆಗಿ ಕಟ್ ಆಗಿ ಎಂತದೂ ಸರಿ ಕೇಳ್ಲಿಲ್ಲ, ಮಳೆ ಬಿಟ್ಟಿಲ್ಲ, ಅಡಿಕೆಗೆ ಎರಡನೇ ಸಲ ಮದ್ದು ಬಿಟ್ಟಾಯ್ತು ಅನ್ನೋದಷ್ಟೇ ಗೊತ್ತಾದದ್ದು. ಈಗ ಹೇಳ್ಬೇಕಾದ ವಿಷಯ ಫೋನಲ್ಲಿ ಮುಗಿಯೋದಲ್ಲ, ಅದಕ್ಕೆ ಕೂತು ಟೈಪ್ ಮಾಡ್ತಾ ಇದ್ದೇನೆ. ತಮ್ಮ ಪ್ರಿಂಟ್ ತೆಗ್ದು ಕೊಡ್ತಾನೆ, ಅಪ್ಪ ಕನ್ನಡಕ ಹಾಕಿ ನಿಧಾನ ಓದಿ. ಇದು ಹೆಚ್ಚು ನಿಮಗೇ ಬರೆದದ್ದು.

ನಿಮ್ಮ ಮೊಮ್ಮಗ ಚಿನ್ನುವನ್ನ ಮೊದಲ ಸಲ ಬೇಟೆಗೆ ಕರ್ಕೊಂಡು ಹೋಗಿದ್ದೆ, ಎಂಟು ದಿನ ಹಿಂದೆ, ಶನಿವಾರ. ಅಮ್ಮಾ, ಹೆದರ್ಬೇಡ, ಅವ ಕೋವಿ ಮುಟ್ಟಲಿಲ್ಲ, ನನ್ನ ಪಕ್ಕ ಕೂತದ್ದಷ್ಟೆ. ನಾನು ಬೇಟೆಯ ಪರೀಕ್ಷೆ ಕಟ್ತೇನೆ ಅಂದಾಗ "ಹೆಣ್ಮಕ್ಕಳಿಗೆ ಕೋವಿ ಎಂತಕ್ಕೆ" ಅಂತ ನೀನು ಕೇಳಿದ್ದು ನೆನಪುಂಟು. ಆದ್ರೆ ಇಲ್ಲಿ ಕೋವಿ ಕೈಗೆ ಬರೋದು ಅಷ್ಟು ಸುಲಭ ಅಲ್ಲ. ದಪ್ಪ ಪುಸ್ತಕ ಓದಿ 70 ಪ್ರಶ್ನೆಯಲ್ಲಿ 60 ಸರಿ ಮಾಡ್ಬೇಕು, ಆಮೇಲೆ ಶೂಟಿಂಗ್ ಟೆಸ್ಟ್, ಆಮೇಲೆ ಪೊಲೀಸರಿಂದ ಒಂದೊಂದು ಕೋವಿಗೂ ಬೇರೆ ಲೈಸೆನ್ಸ್, ಮನೆಯಲ್ಲಿ ಅದನ್ನ ಇಡ್ಲಿಕ್ಕೆ ಕಬ್ಬಿಣದ ಕಪಾಟು. ನಮ್ಮ ಬಂದಡ್ಕದ ಮನೆಯಲ್ಲಿ ಅಜ್ಜನ ಕೋವಿ ಚಾವಡಿಯ ಗೋಡೆಯಲ್ಲಿ ತೂಗ್ತಾ ಇರ್ತಿತ್ತಲ್ಲ, ಎಲೆಕ್ಷನ್ ಬಂದಾಗ ಮಾತ್ರ ಸ್ಟೇಷನ್‌ಗೆ ಹೋಗಿ ಕೊಟ್ಟು ಬರೋದು, ಅದನ್ನ ಇಲ್ಲಿಯವರಿಗೆ ಹೇಳಿದ್ರೆ ಕಣ್ಣು ದೊಡ್ಡ ಮಾಡ್ತಾರೆ.

ಇಲ್ಲಿಯ ದೊಡ್ಡ ಬೇಟೆ ಅಂದ್ರೆ ಮೂಸ್, ಇವರ ಭಾಷೆಯಲ್ಲಿ ಎಲ್ಯ್. ಕಡವೆಯ ಜಾತಿಯೇ, ಆದ್ರೆ ಅದಕ್ಕಿಂತ ತುಂಬ ದೊಡ್ಡದು, ಬಲಿತ ಗಂಡು 400-500 ಕಿಲೋ ಬರ್ತದೆ, ಕಾಲು ಎಷ್ಟು ಉದ್ದ ಅಂದ್ರೆ ಕಾರು ಗುದ್ದಿದ್ರೆ ಅದರ ಮೈ ಸೀದಾ ಗ್ಲಾಸಿನ ಮೇಲೆ ಬಂದು ಬೀಳ್ತದೆ. ಆ ಥರ ಗುದ್ದಿಸ್ಕೊಂಡವರನ್ನ ವಾರ್ಡಿನಲ್ಲಿ ನಾನೇ ನೋಡ್ಕೊಂಡಿದ್ದೇನೆ. ಚಳಿಗಾಲದಲ್ಲಿ ಎಳೆ ಪೈನ್ ಗಿಡಗಳ ಕುಡಿಯನ್ನೆಲ್ಲ ಮೇಯ್ತವೆ, ಕಾಡು ನೆಟ್ಟವರಿಗೆ ಅದು ನಮಗೆ ಹಂದಿ ಇದ್ದ ಹಾಗೆ. ಅದಕ್ಕೆ ಪ್ರತಿ ವರ್ಷ ಲೆಕ್ಕ ಹಾಕಿ ಇಂತಿಷ್ಟು ಅಂತ ಹೊಡೀತಾರೆ. 1982ರಲ್ಲಿ ಒಂದೇ ವರ್ಷ ದೇಶದಲ್ಲಿ 1,70,000ಕ್ಕಿಂತ ಹೆಚ್ಚು ಹೊಡೆದಿದ್ದರು, ಈಗ ಅಷ್ಟೆಲ್ಲ ಇಲ್ಲ. ಉತ್ತರದ ಈ ಕಡೆ ಸೆಪ್ಟೆಂಬರ್ ಶುರುವಿಗೇ ಬೇಟೆ ಶುರು, ಆ ವಾರ ಆಸ್ಪತ್ರೆಯಲ್ಲಿ ರಜೆ ಸಿಗೋದೇ ಕಷ್ಟ, ಎಲ್ಲರಿಗೂ ಅದೇ ವಾರ ಬೇಕು.

ನಮ್ಮ ತಂಡದಲ್ಲಿ ಒಂಬತ್ತು ಜನ. ಬೆಳಿಗ್ಗೆ ಐದು ಗಂಟೆಗೆ ಒಂದು ಮರದ ಶೆಡ್ಡಿನಲ್ಲಿ ಸೇರಿದ್ವಿ, ಥಂಡಿ ಅಂದ್ರೆ ಬಾಯಿಂದ ಹೊಗೆ ಬರ್ತಿತ್ತು, ಚಿನ್ನು ನನ್ನ ಹಳೇ ಮಫ್ಲರ್ ಸುತ್ಕೊಂಡು ಕಿತ್ತಳೆ ಬಣ್ಣದ ಟೊಪ್ಪಿ ಹಾಕ್ಕೊಂಡು ದೊಡ್ಡವರ ಮಧ್ಯ ನೆಟ್ಟಗೆ ನಿಂತಿದ್ದ. ತಂಡದ ಲೀಡರ್ ಎಪ್ಪತ್ತು ದಾಟಿದ ಅಜ್ಜ, ಅವರು ಮ್ಯಾಪ್ ಬಿಡಿಸಿ ಯಾರು ಎಲ್ಲಿ ಕೂರ್ಬೇಕು ಅಂತ ತೋರಿಸಿದ್ರು, ಕೊನೆಗೆ ಹೇಳಿದ್ರು, ಇವತ್ತು ಮರಿ ಮಾತ್ರ, ದೊಡ್ಡದಕ್ಕೆ ಯಾರೂ ಈಡು ಹಾಕ್ಬಾರ್ದು.

ಚಿನ್ನು ನನ್ನ ಮುಖ ನೋಡಿದ. ಕಾರಲ್ಲಿ ಹೋಗುವಾಗ ಕೇಳಿದ, ಅಮ್ಮ, ಮರಿಯನ್ನ ಯಾಕೆ?

ನಾನು ಪುಸ್ತಕದಲ್ಲಿ ಓದಿದ್ದನ್ನ ಹೇಳಿದೆ. ತಾಯಿಯನ್ನ ಹೊಡೆದ್ರೆ ಮರಿ ಒಂಟಿ ಆಗ್ತದೆ, ಮೇ-ಜೂನಿನಲ್ಲಿ ಹುಟ್ಟಿದ ಮರಿಗೆ ಎದೆಮಟ್ಟ ಹಿಮದಲ್ಲಿ ದಾರಿ ಮಾಡಿ ಕೊಡ್ಲಿಕ್ಕೆ, ಮೇವು ಎಲ್ಲಿದೆ ಅಂತ ತೋರಿಸ್ಲಿಕ್ಕೆ ತಾಯಿ ಬೇಕು, ಅದಕ್ಕೆ ಎರಡೂ ಒಟ್ಟಿಗೆ ಬಂದ್ರೆ ಯಾವಾಗ್ಲೂ ಮೊದಲು ಮರಿ, ಆಮೇಲೇ ತಾಯಿ, ಉಲ್ಟಾ ಮಾಡೋ ಹಾಗಿಲ್ಲ. ಹೆರುವ ತಾಯಂದಿರು ಉಳಿದ್ರೆ ಮುಂದಿನ ವರ್ಷ ಮತ್ತೆ ಮರಿ ಆಗ್ತದೆ, ಹಾಗಾಗಿ ವರ್ಷದ ಬೇಟೆಯಲ್ಲಿ ಅರ್ಧದ ಹತ್ತಿರ ಮರಿಗಳೇ. ಇದೆಲ್ಲ ಹೇಳಿ ಮುಗಿಸುವಾಗ ನನಗೇ ಹೊಟ್ಟೆಯಲ್ಲಿ ಒಂಥರಾ ಆಯ್ತು ಅಪ್ಪ. ಯಾಕಂದ್ರೆ ಇಲ್ಲಿಯ ಭಾಷೆಯಲ್ಲಿ ಅದರ ಮರಿಗೆ ಹೇಳೋದು ಕರು ಅಂತ್ಲೇ, ಹಟ್ಟಿಯ ಕರುವಿಗೂ ಅದೇ ಶಬ್ದ, ತಾಯಿಗೂ ದನ ಅಂತ್ಲೇ ಹೇಳ್ತಾರೆ. ಚಿನ್ನುವಿಗೆ ಆ ಶಬ್ದದಲ್ಲಿ ಎಂತದೂ ಇಲ್ಲ, ಅವ ಇಲ್ಲೇ ಬೆಳೆದವ. ನನಗೆ ಮಾತ್ರ ಪ್ರತಿ ಸಲ ನಮ್ಮ ಹಟ್ಟಿ ಕಣ್ಣೆದುರು ಬರ್ತದೆ.

ನಮಗೆ ಸಿಕ್ಕಿದ್ದು ಜೌಗು ಜಾಗದ ಬದಿಯಲ್ಲಿರೋ ಅಟ್ಟಣೆ, ಏಣಿ ಹತ್ತಿ ಮೇಲೆ ಕೂರೋದು, ಊರಲ್ಲಿ ಅಜ್ಜ ಹೇಳ್ತಿದ್ದ ಮರಸು ಇದೇ ಅಂತ ಚಿನ್ನುವಿಗೆ ಹೇಳಿದೆ. ಮಾತಿಲ್ಲ, ಕೆಮ್ಮೋ ಹಾಗಿಲ್ಲ. ಎರಡು ಗಂಟೆ ಹಾಗೇ. ಅವ ಒಂದು ಸಲ ಸಹ ಮೊಬೈಲ್ ಕೇಳ್ಲಿಲ್ಲ. ಮಂಜು ನೆಲದ ಮೇಲೆ ಹಾಲು ಚೆಲ್ಲಿದ ಹಾಗಿತ್ತು, ಕೆಳಗೆ ಕೆಂಪು ಲಿಂಗೊನ್ ಹಣ್ಣು, ದೂರದಲ್ಲಿ ಎಲ್ಲೋ ಕೊಕ್ಕರೆ ಥರದ ಹಕ್ಕಿ ಕೂಗ್ತಿತ್ತು. ಆಮೇಲೆ ನಾಯಿ ಬೊಗಳಿದ್ದು ಕೇಳಿತು, ಬೂದು ಬಣ್ಣದ ಯೆಮ್ಟ್‌ಹುಂಡ್ ನಾಯಿ, ಅದರ ಕೊರಳಲ್ಲಿ ಜಿಪಿಎಸ್ ಪಟ್ಟಿ. ರೇಡಿಯೋದಲ್ಲಿ ಮೆಲ್ಲ ಹೇಳಿದ್ರು, ನಿಮ್ಮ ಕಡೆ ಬರ್ತಾ ಉಂಟು, ತಾಯಿ, ಎರಡು ಮರಿ.

ಬಂದ್ವು. ಸದ್ದೇ ಇಲ್ಲ ಅಪ್ಪ, ಅಷ್ಟು ದೊಡ್ಡ ಪ್ರಾಣಿ ನೀರಲ್ಲಿ ನಡೀತಾ ಬಂದ್ರೂ ಸದ್ದಿಲ್ಲ. ಮುಂದೆ ತಾಯಿ, ಒಂದು ಮರಿ ಅದರ ಪಕ್ಕಕ್ಕೇ ಅಂಟಿಕೊಂಡು, ಇನ್ನೊಂದು ಸ್ವಲ್ಪ ಹಿಂದೆ. ಪಕ್ಕದಲ್ಲಿದ್ದದ್ದಕ್ಕೆ ಹೊಡೆಯೋ ಹಾಗಿಲ್ಲ, ಗುಂಡು ದಾಟಿ ತಾಯಿಗೆ ತಾಗ್ತದೆ. ಹಿಂದಿನದು ಅಡ್ಡ ತಿರುಗಿ ನಿಲ್ಲುವವರೆಗೆ ಕಾದೆ. ಕೈ ನಡುಗ್ಲಿಲ್ಲ, ಅದು ನಿಜ, ನಡುಗಿದ್ರೆ ಇಳಿಸ್ತಿದ್ದೆ. ಒಂದೇ ಈಡು. ಮರಿ ನಲ್ವತ್ತು ಹೆಜ್ಜೆ ಓಡಿ ಒಂದು ಬರ್ಚ್ ಮರದ ಬುಡದಲ್ಲಿ ಬಿತ್ತು, ಮತ್ತೆ ಏಳ್ಲಿಲ್ಲ. ಗಾಯ ಆಗಿ ಓಡಿದ್ರೆ ಎರಡು ಗಂಟೆಯೊಳಗೆ ವಾಸನೆ ಹಿಡಿಯೋ ನಾಯಿ ಅಲ್ಲಿಗೆ ಮುಟ್ಟೋ ವ್ಯವಸ್ಥೆ ಇರ್ಬೇಕು ಅಂತ ಕಾನೂನೇ ಉಂಟು, ಆದ್ರೆ ಅದು ಬೇಕಾಗ್ಲಿಲ್ಲ, ದೇವರು ದೊಡ್ಡವ.

ಆದ ಮೇಲೆ ತಕ್ಷಣ ಇಳಿಯೋ ಹಾಗಿಲ್ಲ, ಕೂತೇ ಕಾಯ್ಬೇಕು. ಆವಾಗ ತಾಯಿ ವಾಪಸ್ ಬಂತು.

ಇನ್ನೊಂದು ಮರಿಯನ್ನ ಕಾಡಿನ ಅಂಚಿನಲ್ಲಿ ಬಿಟ್ಟು ಬಂತು. ಬರ್ಚ್ ಮರದ ಹತ್ತಿರ ನಿಂತು ಮೂಗು ಕೆಳಗೆ ಮಾಡಿ ಮೂಸಿತು, ಕಿವಿ ಆ ಕಡೆ ಈ ಕಡೆ ತಿರುಗಿಸಿತು, ಸಣ್ಣ ಸ್ವರದಲ್ಲಿ ಒಂದೆರಡು ಸಲ ಕರೆಯಿತು. ನಮ್ಮ ಕೆಂಪಿ ಕರು ಸತ್ತಾಗ ಮೂರು ದಿನ ಹಟ್ಟಿಯ ಬಾಗಿಲಲ್ಲಿ ಕರೀತಾ ನಿಂತಿತ್ತಲ್ಲ ಅಮ್ಮಾ, ಅದೇ. ಎಷ್ಟು ಹೊತ್ತು ಆಯ್ತೋ ಗೊತ್ತಿಲ್ಲ, ಹತ್ತು ನಿಮಿಷ ಇರ್ಬಹುದು. ಚಿನ್ನು ನನ್ನ ಜಾಕೆಟಿನ ತೋಳು ಹಿಡ್ಕೊಂಡು ಕಿವಿಯಲ್ಲಿ ಹೇಳಿದ, "ಅಮ್ಮ, ಅದು ಕಾಯ್ತಾ ಉಂಟು." ಸ್ವೀಡಿಷ್‌ನಲ್ಲಿ ಅಲ್ಲ, ಕನ್ನಡದಲ್ಲಿ ಹೇಳಿದ. ನಾನು ಎಂತದೂ ಹೇಳ್ಲಿಲ್ಲ. ಕಾರಲ್ಲಿ ಅಷ್ಟೆಲ್ಲ ಹೇಳಿದ್ದು ಸುಳ್ಳಲ್ಲ, ಒಂದು ಅಕ್ಷರವೂ ಸುಳ್ಳಲ್ಲ, ಆದ್ರೆ ಆವಾಗ ಅದು ಯಾವುದೂ ಬಾಯಿಗೆ ಬರ್ಲಿಲ್ಲ. ಆಮೇಲೆ ತಾಯಿ ತಿರುಗಿ ಉಳಿದ ಮರಿಯನ್ನ ಕರ್ಕೊಂಡು ಹೋಯ್ತು.

ರಾತ್ರಿ ಮಲಗುವಾಗ ಅವ ಕೇಳಿದ, ಅಜ್ಜನೂ ಹೀಗೇ ಮಾಡ್ತಿದ್ರಾ ಅಂತ. ಆಗ ನನಗೆ ಆ ರಾತ್ರಿ ನೆನಪಾಯ್ತು ಅಪ್ಪ. ನಾನು ನಾಲ್ಕನೇ ಕ್ಲಾಸ್. ತೋಟದ ಕೆಳಗಿನ ಗೆಣಸಿನ ಗದ್ದೆಗೆ ಹಂದಿ ಬಂದಿದೆ ಅಂತ ನೀವು ಕೋವಿ ಹಿಡ್ಕೊಂಡು ಹೊರಟದ್ದು, ಟಾರ್ಚ್ ಹಿಡಿಯೋಕೆ ನಾನು ಹಟ ಮಾಡಿ ಬಂದದ್ದು. ಬೆಳಕಿಗೆ ಸಿಕ್ಕಿದ್ದು ಒಂದು ದೊಡ್ಡ ಹೆಣ್ಣು ಹಂದಿ, ಅದರ ಹಿಂದೆ ಗೆರೆ ಗೆರೆ ಮೈಯ ಐದಾರು ಮರಿಗಳು. ನೀವು ಕೋವಿ ಇಳಿಸಿದ್ರಿ. ಮರಿ ಇರೋದಕ್ಕೆ ಕೋವಿ ಎತ್ತಬಾರ್ದು ಅಂತ ಹೇಳಿ ಗಾಳಿಗೆ ಒಂದು ಈಡು ಹಾಕಿ ಓಡಿಸಿದ್ರಿ. ಮರುವಾರ ಅದೇ ಹಂದಿ ಅದೇ ಮರಿಗಳು ಬಂದು ಗೆಣಸು ಪೂರ್ತಿ ಬಗೆದು ಹಾಕಿದ್ವು, ಸುವರ್ಣಗೆಡ್ಡೆ ಸಹ ಬಿಡ್ಲಿಲ್ಲ, ಅಮ್ಮ ನಿಮ್ಮತ್ರ ಎರಡು ದಿನ ಮಾತಾಡ್ಲಿಲ್ಲ.

ಮರಿ ಇದ್ರೆ ಬಿಡ್ಬೇಕು ಅನ್ನೋದು ನಿಮ್ಮ ರೂಲ್. ಮರಿಗೇ ಮೊದಲು ಅನ್ನೋದು ಇಲ್ಲಿಯ ರೂಲ್. ಎರಡೂ ಒಂಟಿ ಮರಿ ಆಗ್ಬಾರ್ದು ಅಂತ್ಲೇ ಹುಟ್ಟಿದ್ದು ಅಂತ ನನಗೆ ಅನ್ನಿಸ್ತದೆ, ಆದ್ರೆ ನೀವು ಕೋವಿ ಇಳಿಸಿದ್ರಿ, ನಾನು ಇಳಿಸ್ಲಿಲ್ಲ. ಬೇಟೆಗೆ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಮುಂದಿನ ವರ್ಷ ಸಹ ಹೋಗ್ತೇನೆ. ಚಿನ್ನು ಬರ್ತಾನೋ ಇಲ್ವೋ ಅವನಿಗೆ ಬಿಟ್ಟದ್ದು, ನಾನು ಕೇಳ್ಲಿಲ್ಲ.

ಮಾಂಸ ಇಲ್ಲಿ ಅವತ್ತೇ ಕಡಿಯೋದಿಲ್ಲ, ತಂಪು ಕೋಣೆಯಲ್ಲಿ ನೇತು ಹಾಕ್ತಾರೆ, ದಿನ ಮತ್ತು ಡಿಗ್ರಿ ಗುಣಿಸಿ 40 ಆಗ್ಬೇಕು ಅಂತ ಲೆಕ್ಕ. ಕೋಣೆ ಐದು ಡಿಗ್ರಿ ಇತ್ತು, ಹಾಗಾಗಿ ಇವತ್ತಿಗೆ ಎಂಟು ದಿನ, ಇವತ್ತೇ ಕಡಿದು ಒಂಬತ್ತು ಪಾಲು ಮಾಡಿದ್ವಿ. ಒಬ್ಬರು ಗೋಡೆ ಕಡೆ ಮುಖ ಮಾಡಿ ನಿಲ್ಲೋದು, ಇನ್ನೊಬ್ಬರು ಒಂದು ಪಾಲು ಮುಟ್ಟಿ ಇದು ಯಾರಿಗೆ ಅಂತ ಕೇಳೋದು, ಅವರು ಹೆಸರು ಹೇಳೋದು, ಯಾರಿಗೂ ಹೆಚ್ಚು ಕಮ್ಮಿ ಇಲ್ಲ. ಇವತ್ತು ಗೋಡೆ ಕಡೆ ನಿಂತದ್ದು ಚಿನ್ನು. ನಾಯಿಯ ಪಾಲು ಸಹ ಅವನೇ ಹೇಳಿದ, ಅಜ್ಜ ಹಾಗೆ ಮಾಡ್ತಿದ್ರು ಅಂತ ನಾನು ಯಾವಾಗ್ಲೋ ಹೇಳಿದ್ದು ನೆನಪಿಟ್ಟಿದ್ದ. ನಮ್ಮ ಕೇರಳದಲ್ಲಿ 2022ರಲ್ಲಿ ಹಂದಿ ಹೊಡೀಲಿಕ್ಕೆ ಪರ್ಮಿಷನ್ ಕೊಡೋ ಅಧಿಕಾರ ಪಂಚಾಯತಿನವರಿಗೇ ಬಂತು, ಆದ್ರೆ ಹೊಡೆದದ್ದನ್ನ ಹೂಳ್ಬೇಕು, ತಿನ್ನೋ ಹಾಗಿಲ್ಲ ಅಂದಾಗ ಅವನಿಗೆ ತುಂಬ ಬೇಜಾರಾಯ್ತು, ಕೊಂದ ಮೇಲೆ ಮಣ್ಣಿಗೆ ಹಾಕೋದಾ ಅಂತ ಕೇಳ್ತಾ ಇದ್ದ.

ಅಮ್ಮಾ, ನೀನು ಕಳಿಸಿದ ಒಳ್ಳೆಮೆಣಸು ಇನ್ನೂ ಉಂಟು, ಅದನ್ನೇ ಹುರಿದು ಪುಡಿ ಮಾಡಿ ಸುಕ್ಕ ಮಾಡ್ಬೇಕು ಅಂತ ಇದ್ದೇನೆ, ತೆಂಗಿನತುರಿ ಮಾತ್ರ ಇಲ್ಲಿ ಫ್ರೋಜನ್ ಸಿಗೋದು.

ಅಪ್ಪ, ಬರೋ ಆದಿತ್ಯವಾರ ನಿಮ್ಮ ಸಂಜೆ ಆರು ಗಂಟೆಗೆ ವಿಡಿಯೋ ಕಾಲ್ ಮಾಡ್ತೇನೆ, ಚಿನ್ನು ಆ ಹಂದಿಯ ವಿಷಯ ಕೇಳ್ತಾನೆ. ಕೋವಿ ಇಳಿಸಿದ್ದಷ್ಟೇ ಹೇಳ್ಬೇಡಿ, ಗೆಣಸು ಹೋದದ್ದೂ ಹೇಳಿ, ಅಮ್ಮ ಎರಡು ದಿನ ಮಾತಾಡದ್ದೂ ಹೇಳಿ. ಆ ರಾತ್ರಿ ಮನೆಗೆ ವಾಪಸ್ ಬರುವಾಗ ನೀವು ದಾರಿಯುದ್ದ ಸುಮ್ಮನೆ ಇದ್ದದ್ದು ನನಗೆ ನೆನಪುಂಟು, ಆವಾಗ ಎಂತ ಯೋಚನೆ ಮಾಡ್ತಿದ್ರಿ ಅಂತ ನಾನು ಯಾವತ್ತೂ ಕೇಳ್ಲಿಲ್ಲ. ಅವ ಕೇಳಿದ್ರೆ ಹೇಳಿ, ನಾನೂ ಪಕ್ಕದಲ್ಲಿ ಕೂತಿರ್ತೇನೆ.

ಮೊಣಕಾಲಿಗೆ ಎಣ್ಣೆ ಹಚ್ಚೋದು ಬಿಡ್ಬೇಡಿ.

ನಿಮ್ಮ ಮಗಳು