ಮಿಡಿ ಕಡತಗಳನ್ನು ಕಳುಹಿಸುವವರ ಗಮನಕ್ಕೆ

ಉಡುಪಿ ಭಜನಾ ಗುಂಪಿನ ಸದಸ್ಯರಿಗೆ ನಮಸ್ಕಾರ. ಅಭ್ಯಾಸಕ್ಕೆಂದು ಇಲ್ಲಿ ಹಾಕುತ್ತಿರುವ ಮಿಡಿ (MIDI) ಕಡತಗಳು ಹಿರಿಯರಲ್ಲಿ ಹಲವರ ಮೊಬೈಲಿನಲ್ಲಿ ತೆರೆಯುತ್ತಿಲ್ಲ. ಮಿಡಿಯಲ್ಲಿ ಧ್ವನಿಯೇ ಇರುವುದಿಲ್ಲ. ಯಾವ ಸ್ವರವನ್ನು ಯಾವಾಗ, ಎಷ್ಟು ಒತ್ತಿ, ಎಷ್ಟು ಹೊತ್ತು ನುಡಿಸಬೇಕೆಂಬ ಸೂಚನೆಗಳಷ್ಟೇ ಇರುತ್ತವೆ. ಆದ್ದರಿಂದ ಮನೆಯ ಕಂಪ್ಯೂಟರಿನಲ್ಲಿ, ಉಚಿತವಾಗಿ ದೊರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದಿಂದ ಕಡತವನ್ನು ತೆರೆದು, ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಮೂಲಕ ಎಂಪಿ3 ಆಗಿಸಿ ಕಳುಹಿಸಬೇಕೆಂದು ವಿನಂತಿ. ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ರೂಪ ಬೇಡ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ.

ಮಿಡಿ ವಾದ್ಯಗಳಿಗೆ ಎಲ್ಲೆಡೆ ಒಂದೇ ಕ್ರಮಸಂಖ್ಯೆ ಕೊಡುವ ಜನರಲ್ ಮಿಡಿ ಎಂಬ ಮಾನದಂಡದ 128 ವಾದ್ಯಗಳ ಪಟ್ಟಿಯಲ್ಲಿ ಹಾರ್ಮೋನಿಯಂ ಇಲ್ಲದಿರುವುದರಿಂದ, ಹಾಡಿನ ಸಾಲಿಗೆ ಪಿಯಾನೋ ಬದಲು 21ನೆಯದಾದ ರೀಡ್ ಆರ್ಗನ್ ಆರಿಸಿರಿ. ಸ್ವರ ಎಳೆದು ನಿಲ್ಲುವುದು ಅದರಲ್ಲಿ ಮಾತ್ರ ನಮ್ಮ ಕಿವಿಗೆ ಒಪ್ಪುತ್ತದೆ. ಮೂಲ ಮಿಡಿ ಕಡತವನ್ನು ದಯವಿಟ್ಟು ಅಳಿಸಬೇಡಿ. ಹಾಡುವವರಿಗೆ ತಕ್ಕಂತೆ ಶ್ರುತಿ ಬದಲಿಸಲು ಅದೇ ಬೇಕಾಗುತ್ತದೆ.