ರೋಗಿಯ ಮನೆಯಲ್ಲಿ ನಂಬಿಕೆಯನ್ನು ಅಳೆಯಬೇಡಿ

ಮಾನ್ಯ ಸಂಪಾದಕರೇ,

ಕಷ್ಟದಲ್ಲಿರುವ ಕ್ರೈಸ್ತ ಕುಟುಂಬಗಳನ್ನು ನೋಡಲು ಹೋಗುವ ವಿಶ್ವಾಸಿಗಳಿಗೆ ಒಂದು ಮಾತು ಹೇಳಬೇಕಾಗಿದೆ. ದಯವಿಟ್ಟು ಪ್ರಕಟಿಸಿ.

ನನ್ನ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೂ ನಿಂತಿದೆ. ಪ್ರಾರ್ಥನೆಗೆ ಬರುವವರಿಗೆ ಕೊರತೆಯಿಲ್ಲ, ಅದಕ್ಕೆ ಋಣಿಯಾಗಿದ್ದೇನೆ. ಆದರೆ ಕೆಲವರು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಸಿಸ್ಟರ್, ಪೂರ್ತಿ ನಂಬಿಕೆಯಿಂದ ಕೇಳಿದ್ರೆ ಇಷ್ಟೊತ್ತಿಗೆ ಎದ್ದು ಓಡಾಡ್ತಿದ್ರು" ಎನ್ನುತ್ತಾರೆ. "ಅರಿಕೆ ಮಾಡದ ಪಾಪ ಏನಾದ್ರೂ ಇದ್ಯಾ ನೋಡ್ಕೊಳ್ಳಿ" ಎಂದವರೂ ಇದ್ದಾರೆ. ಒಳಗೆ ಮಲಗಿರುವವರಿಗೆ ಇದೆಲ್ಲ ಕೇಳಿಸುತ್ತದೆ. ಅವರ ಕಿವಿಗೆ ಏನೂ ಆಗಿಲ್ಲ.

ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆಯನ್ನು ಇವರೂ ಓದಿರುತ್ತಾರೆ ಅಲ್ವಾ? ಅವನ ಮೂವರು ಗೆಳೆಯರು ಬಂದು 7 ದಿನ, 7 ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅಲ್ಲಿಯ ತನಕ ಎಲ್ಲ ಸರಿಯಿತ್ತು. ಆಮೇಲೆ ಬಾಯಿ ಬಿಟ್ಟವರು 'ನೀನೇ ಏನೋ ತಪ್ಪು ಮಾಡಿರಬೇಕು' ಎಂದು ಹಿಡಿದುಕೊಂಡರು. ಯೋಬನಂತೂ ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಹತ್ತಿರವೇ ವಾದಕ್ಕೆ ನಿಂತ. ದೇವರು ಅವನನ್ನೂ ಗಟ್ಟಿಯಾಗಿ ಪ್ರಶ್ನೆ ಮಾಡಿದ, ನಿಜ. ಆದರೆ 42ನೇ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗಿದ್ದು ಆ ಗೆಳೆಯರ ಮೇಲೆ. 'ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ' ಎಂದ ದೇವರು.

ಅಪೊಸ್ತಲನಾದ ಪೌಲ ತನ್ನ 'ಶರೀರದ ಮುಳ್ಳನ್ನು', ಅಂದರೆ ಬಿಡದೆ ಕಾಡುತ್ತಿದ್ದ ಬಾಧೆಯನ್ನು, ತೆಗೆದುಬಿಡು ಎಂದು 3 ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಕರ್ತನಿಂದ ಸಿಕ್ಕಿತು. ಪೌಲನಿಗೆ ನಂಬಿಕೆ ಸಾಲದಾಗಿತ್ತು ಎಂದು ಯಾರಾದರೂ ಹೇಳುತ್ತಾರಾ?

ಬೆನ್ನುಹುಣ್ಣು ಆಗಬಾರದೆಂದು ರಾತ್ರಿಯೂ 2 ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕು. ಭುಜ, ಸೊಂಟ ಹಿಡಿದು ಹೊರಳಿಸಿ, ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟು, ಹಾಸಿಗೆಯ ಸುಕ್ಕು ತೆಗೆಯುತ್ತೇನೆ. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬರುವುದು ಬೈಬಲಿನ 13ನೇ ಕೀರ್ತನೆ. ಮೊದಲ ಎರಡೇ ವಚನದಲ್ಲಿ 'ಎಷ್ಟರ ತನಕ' ಎಂದು 4 ಸಲ ಕೇಳುತ್ತಾನೆ ದಾವೀದ. ಸ್ತೋತ್ರ ಬರುವುದು ಕೊನೆಗೆ. 88ನೇ ಕೀರ್ತನೆಯಲ್ಲಿ ಅದೂ ಇಲ್ಲ, ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಅಂಥದ್ದೂ ದೇವರ ವಾಕ್ಯದಲ್ಲೇ ಇದೆ ಎನ್ನುವುದು ಕೆಲವು ರಾತ್ರಿ ನನಗೆ ದೊಡ್ಡ ಆಸರೆ. ದೇವರನ್ನು ಬಿಟ್ಟವಳಾಗಿದ್ದರೆ ಅವನನ್ನು ಯಾಕೆ ಕೇಳುತ್ತಿದ್ದೆ? ಅಳುವುದೂ ಅವನ ಹತ್ತಿರವೇ, ಜಗಳವೂ ಅವನ ಹತ್ತಿರವೇ. ಇದು ನಂಬಿಕೆಯಲ್ಲದೆ ಇನ್ನೇನು?

ಗುಣವಾಗಲಿ ಎಂದು ಪ್ರಾರ್ಥಿಸಬೇಡಿ ಎನ್ನುತ್ತಿಲ್ಲ. ನಾನೂ ದಿನಾ ಕೇಳುತ್ತೇನೆ. ಪ್ರಾರ್ಥನೆ ಮುಗಿದಾಗ ಅವರೂ ಎಡಗೈಯಿಂದ ನನ್ನ ಕೈ ಒತ್ತುತ್ತಾರೆ, ಅದೇ ಅವರ ಆಮೆನ್. ಆದರೆ ಗುಣವಾಗದಿದ್ದರೆ ಅದರ ಹೊರೆಯನ್ನು ರೋಗಿಯ ತಲೆಗೆ ಕಟ್ಟಬೇಡಿ.

ಪ್ರವಾದಿ ಎಲೀಯ ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಶುರು ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು, ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಇನ್ನೊಮ್ಮೆ ಬಂದು ತಿನ್ನಿಸಿದ. ನಮ್ಮ ಸಭೆಯ ಒಬ್ಬ ಅಣ್ಣ ಮತ್ತು ಅವರ ಹೆಂಡತಿ ಹೀಗೇ ಬರುತ್ತಾರೆ. ವಾರಕ್ಕೊಂದು ರಾತ್ರಿ ನಮ್ಮಲ್ಲೇ ಉಳಿಯುತ್ತಾರೆ. ಅಣ್ಣ ಮಗ್ಗುಲು ಬದಲಿಸುತ್ತಾರೆ, ಅಕ್ಕ ನನ್ನನ್ನು ಇನ್ನೊಂದು ಕೋಣೆಗೆ ಕಳಿಸಿ ಬಾಗಿಲು ಹಾಕುತ್ತಾರೆ. ಮಾರನೇ ದಿನದ ಪ್ರಾರ್ಥನೆಗೆ ನನ್ನಲ್ಲಿ ಶಕ್ತಿ ಇರುತ್ತದೆ.

ಎಲ್ಲ ಸಭೆಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ರೋಗಿಗಳ ಭೇಟಿಗೆ ಹೋಗುವವರ ಪಟ್ಟಿ ಮಾಡುವಾಗ ರಾತ್ರಿ ಉಳಿಯಲು ಒಪ್ಪುವವರ ಹೆಸರನ್ನೂ ಬರೆದುಕೊಳ್ಳಿ. ಹೊರಳಿಸುವುದು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ನನ್ನಂಥವರು ಹೇಳಿಕೊಡುತ್ತೇವೆ.

– ನಿಮ್ಮ ಕಾಯಂ ಓದುಗಿ